ದಿಬ್ಬಣಕ್ಕೆ ಬಾರದ ಟಾಪ್ ಎಂಡ್

ಕುಂದಾಪುರ ಪೇಟೆಯಲ್ಲಿ ನನ್ನದೊಂದು ಬಲೆ, ಹಗ್ಗದ ಅಂಗಡಿ. ಹಗ್ಗವನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರೆ ಸಾಕು, ಅದು ಎಷ್ಟು ಮಳೆಗಾಲ ತಾಳುತ್ತದೆ ಎಂದು ಹೇಳಬಲ್ಲೆ. ಅಂಥ ನನಗೆ ಒಂದು ಕರೆಂಟು ಕಾರು ಆರಿಸುವುದು ಯಾವ ಮಹಾ ಕೆಲಸ? ಹಗ್ಗದಲ್ಲಿ ನೂರೆಂಟು ನಮೂನೆ. ಕಾರಿನಲ್ಲಿ ಇದ್ದದ್ದು ಬರೀ ನಾಲ್ಕು.

ಹೀಗೆಂದುಕೊಂಡೇ ನಾನು ಶೋರೂಮಿಗೆ ಹೋಗುವ ಮೊದಲೇ ಹಂಗಾರಕಟ್ಟೆಗೆ ಫೋನು ಮಾಡಿದೆ. ಅಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣ ಶ್ರೀಧರ ಭಾವ ಇದ್ದಾರೆ, ದೋಣಿ ಕಟ್ಟುವವರು. ಅವರ ಮಗಳು ಅಶ್ವಿನಿಗೆ ಬೈಂದೂರಿನ ಕಡೆ ಗಂಡು ಗೊತ್ತಾಗಿ, ಬ್ರಹ್ಮಾವರದ ಕಲ್ಯಾಣ ಮಂಟಪದಲ್ಲಿ ಮದುವೆ ನಿಗದಿಯಾಗಿತ್ತು. ಮದುಮಗಳನ್ನು ಕರೆದೊಯ್ಯಲು ಭಾವ ಆಗಲೇ ಒಂದು ಬಾಡಿಗೆ ಕಾರಿಗೆ ಹೇಳಿದ್ದರು.

“ಬಾಡಿಗಿ ಕಾರೆಲ್ಲ ಬ್ಯಾಡ ಭಾವ,” ಎಂದೆ. “ಹೆಣ್ಣ್ ಹೋಪುದ್ ನನ್ ಹೊಸ ಕಾರಗೇ.”

ಭಾವ ತುಂಬಾ ಸಂತೋಷಪಟ್ಟು ಬಾಡಿಗೆ ಕಾರು ಬೇಡವೆಂದುಬಿಟ್ಟರು. ನನ್ನ ಬಳಿ ಆಗ ಇದ್ದದ್ದು ಹಳೆಯ ವ್ಯಾನು ಮಾತ್ರ ಎಂಬುದನ್ನು ಸುಮತಿ ಮೆಲ್ಲಗೆ ನೆನಪಿಸಿದಳು. ಆ ಚಿಂತೆಯೂ ಬೇಡವೆಂದು ನಾನು ವ್ಯಾನನ್ನೂ ಮಾರಿಬಿಟ್ಟೆ.

ಶೋರೂಮಿನಲ್ಲಿ ಪ್ರತೀಕ್ಷಾ ಎಂಬ ಹುಡುಗಿ ನಮಗೆ ಕಾರು ತೋರಿಸಿದಳು. ಒಂದೇ ಕಾರು, ನಾಲ್ಕು ವೇರಿಯಂಟು. ಎರಡನೆಯದರಲ್ಲಿ ಸುಮತಿ ಹೋಗಿ ಕೂತಳು. ಕಾಲು ಚಾಚಿದಳು, ಬಾಗಿಲು ಹಾಕಿ ತೆಗೆದು ನೋಡಿದಳು. ಅಂಗನವಾಡಿ ಟೀಚರ್ ಆದ ಅವಳಿಗೆ ಯಾವುದನ್ನೂ ತೀರ್ಮಾನಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

“ಹ್ವಾಯ್, ನಂಗ್ ಇದೇ ಸಾಕ್. ಹತ್ತುಕೂ ಸುಲಭ, ಇಳುಕೂ ಸುಲಭ,” ಎಂದಳು.

ಅದು ಬಿಳಿ ಬಣ್ಣದಲ್ಲಿ ತಯಾರಾಗಿಯೇ ಇದೆ, ಕಾಗದಪತ್ರ ಆದ ಕೂಡಲೇ ಒಯ್ಯಬಹುದು ಎಂದು ಪ್ರತೀಕ್ಷಾ ಹೇಳಿದಳು. ನನ್ನ ಕಣ್ಣು ಮಾತ್ರ ಆಗಲೇ ಮೂಲೆಯಲ್ಲಿ ನಿಂತಿದ್ದ ನಾಲ್ಕನೆಯದರ ಮೇಲೆ ಬಿದ್ದಿತ್ತು. ಟಾಪ್ ಎಂಡ್! ನೆತ್ತಿಯ ಮೇಲೆ, ಕಾರಿನ ಮಾಡಿನಲ್ಲಿ, ಗಾಜಿನ ಕಿಟಕಿ. ಸೀಟಿನೊಳಗಿಂದ ತಣ್ಣನೆ ಗಾಳಿ. ರಾತ್ರಿ ಒಳಗೆ ಬಣ್ಣಬಣ್ಣದ ದೀಪ. ಎರಡೂ ಕೈಯಲ್ಲಿ ಸಾಮಾನಿದ್ದರೆ ಹಿಂದೆ ನಿಂತು ಕಾಲು ಬೀಸಿದರೆ ಸಾಕು, ಡಿಕ್ಕಿ ತಾನಾಗಿ ತೆರೆಯುತ್ತದೆ. ಪ್ರತೀಕ್ಷಾ ಕಾಲು ಬೀಸಿ ತೋರಿಸಿದಳು. ಡಿಕ್ಕಿ ತೆರೆದದ್ದೇ ನನ್ನ ಬಾಯಿಯೂ ತೆರೆಯಿತು.

ನಮ್ಮೂರಿನ ಮಳೆಯಲ್ಲಿ ಮಾಡಿನ ಕಿಟಕಿ ತೆಗೆಯುವುದು ಯಾವಾಗ ಎಂದು ಸುಮತಿ ಕೇಳಿದಳು. ಇಂಥ ಪ್ರಶ್ನೆಗಳಿಂದಲೇ ನಮ್ಮ ಕರಾವಳಿ ಹಿಂದುಳಿದಿದೆ ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಇನ್ನು ಬಣ್ಣ. ಬಿಳಿ ಎಲ್ಲರ ಹತ್ತಿರವೂ ಇರುತ್ತದೆ, ಆದ್ದರಿಂದ ಸಮುದ್ರದ ನೀಲಿಗೆ ಬುಕ್ ಮಾಡಿದೆ. ಮನೆಗೆ ಬಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಹಾಕಿದೆ. ನೀಲಿ ಬಣ್ಣ ಟಾರ್ಪಾಲಿನ ಹಾಗೆ ಕಾಣುತ್ತದೆ ಎಂದು ಮುಂಬೈಯ ಚಿಕ್ಕಪ್ಪ ಬರೆದರು. ಕೂಡಲೇ ಪ್ರತೀಕ್ಷಾಳಿಗೆ ಫೋನು ಮಾಡಿ ಕೆಂಪು ಎಂದೆ. ಕೆಂಪಾದರೆ ಗ್ಯಾಸಿನ ಸಿಲಿಂಡರು ಎಂದು ಅಶ್ವಿನಿಯೇ ಬರೆದಳು. ಬೂದಿ ಬಣ್ಣ ಎಂದೆ. ಪ್ರತಿ ಸಲವೂ ಆ ಹುಡುಗಿ ಬಹಳ ವಿನಯದಿಂದ, ಬಣ್ಣ ಬದಲಾದರೆ ಸರದಿಯಲ್ಲಿ ಮತ್ತೆ ಹಿಂದೆ ಹೋಗಬೇಕಾಗುತ್ತದೆ ಸರ್, ಅಡ್ಡಿಯಿಲ್ಲವಾ ಎಂದು ಕೇಳುತ್ತಿದ್ದಳು. ಅಡ್ಡಿಯಿಲ್ಲ ಎಂದು ನಾನೂ ಅಷ್ಟೇ ವಿನಯದಿಂದ ಹೇಳುತ್ತಿದ್ದೆ. ಸರದಿ ಎಂದರೆ ನ್ಯಾಯಬೆಲೆ ಅಂಗಡಿಯ ಸರದಿಯ ಹಾಗೆ, ಒಂದು ಬೆಳಗ್ಗೆಯಲ್ಲಿ ಕರಗುತ್ತದೆ ಎಂದೇ ನನ್ನ ತಿಳಿವಳಿಕೆ.

ಅಷ್ಟರಲ್ಲಿ ಬೀಜಾಡಿಯ ನಮ್ಮ ಓಣಿಯಲ್ಲಿ ನಾನು ಕರೆಂಟು ಕಾರಿನ ಪಂಡಿತನಾಗಿದ್ದೆ. ಅದುವರೆಗೆ ಓಣಿಯವರು ಬಾಗಿಲಿಗೆ ಬರುತ್ತಿದ್ದದ್ದು ಬಂಗ್ಡಿ, ಬೂತಾಯಿ ತರುವ ಮೀನಿನ ಗಾಡಿ ಉದ್ದಕ್ಕೆ ಹಾರ್ನ್ ಹೊಡೆದಾಗ ಮಾತ್ರ; ಈಗ ನನ್ನ ಮಾತು ಕೇಳಲೂ ಬರುತ್ತಿದ್ದರು. ಅಂಗಳದಲ್ಲಿ ಚಾರ್ಜರು ಬಂದು ಕೂತಿತು. ಕಾರಿಲ್ಲದ ಚಾರ್ಜರಿಗೆ ಸುಮತಿ ಕೊಡೆ ತೂಗಿಹಾಕತೊಡಗಿದಳು. ಪಕ್ಕದ ಮನೆಯ ಶೇಖರಣ್ಣ, ಮೀನಿಗೆ ಐಸು ಸರಬರಾಜು ಮಾಡುವವರು, ಒಂದು ಸಂಜೆ ಬಂದು ಸಲಹೆ ಕೇಳಿದರು. ಬ್ಯಾಟರಿ, ಚಾರ್ಜು, ಕಿಲೋಮೀಟರು ಎಲ್ಲ ನಾನು ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು, ನಮ್ಮ ಮನೆಯ ಚಹಾ ಕುಡಿದರು, ಮರುದಿನ ಅದೇ ಶೋರೂಮಿಗೆ ಹೋಗಿ ಸುಮತಿ ಕೂತು ನೋಡಿದ್ದ ಆ ಬಿಳಿ ಕಾರನ್ನೇ ಬುಕ್ ಮಾಡಿದರು. ವಾರ ಕಳೆಯುವುದರೊಳಗೆ ಕಾರು ಅವರ ಅಂಗಳದಲ್ಲಿತ್ತು.

ಪೂಜೆಗೆ ನಮ್ಮನ್ನೂ ಕರೆದರು. ಚಕ್ರದಡಿಗೆ ಲಿಂಬೆಹಣ್ಣು ಇಟ್ಟವನು ನಾನೇ. ಮಾಡಿನಲ್ಲಿ ಕಿಟಕಿ ಇಲ್ಲದ್ದು ನೋಡಿ ಮನಸ್ಸಿನಲ್ಲೇ ಅಯ್ಯೋ ಪಾಪ ಎಂದುಕೊಂಡೆ.

ಮದುವೆಯ ಕರೆಯೋಲೆ ಹಂಚಲು ನಾವಿಬ್ಬರೂ ಬಸ್ಸಿನಲ್ಲಿ ಹೊರಟೆವು. ಗುಲ್ವಾಡಿಯ ದಾರಿಯಲ್ಲಿ ಬಸ್ಸು ಸಿಗದೆ ನಡೆದೆವು. ಹೋದ ಮನೆಗಳಲ್ಲೆಲ್ಲ ಕರೆಯೋಲೆ ಕೊಟ್ಟ ಮೇಲೆ ನಾನು ಡಿಕ್ಕಿಯ ವಿಷಯ ಎತ್ತುತ್ತಿದ್ದೆ, ಕಾಲು ಬೀಸುವುದನ್ನು ಅಭಿನಯಿಸಿಯೂ ತೋರಿಸುತ್ತಿದ್ದೆ. ಸುಮತಿ ಬೆವರು ಒರೆಸಿಕೊಳ್ಳುತ್ತಾ ಮುಂದಿನ ಮನೆಯ ಕರೆಯೋಲೆ ಹುಡುಕುತ್ತಿದ್ದಳು.

ಮದುವೆ ಹತ್ತಿರ ಬಂತು, ಕಾರು ಬರಲಿಲ್ಲ. ದಿನಾ ಫೋನು ಮಾಡಿದೆ. ಕೊನೆಗೆ ಬಣ್ಣದ ಹಟವನ್ನೂ ಬಿಟ್ಟು, ಯಾವುದು ಮೊದಲು ಬರುತ್ತದೋ ಅದನ್ನೇ ಕೊಡಮ್ಮ ಎಂದು ಅಂಗಲಾಚಿದೆ. ಆಗಲಿ ಸರ್, ಆದರೆ ಸರದಿ ಮತ್ತೆ… ಎಂದು ಅವಳು ಶುರು ಮಾಡುತ್ತಿದ್ದಂತೆ ಫೋನು ಇಟ್ಟೆ.

ಭಾವನಿಗೆ ವಿಷಯ ತಿಳಿಸಲು ನಾಲಿಗೆ ಹೊರಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ಮದುವೆಯ ಬೆಳಗ್ಗೆಯೇ ಬಂದುಬಿಟ್ಟಿತು. ಮದುವೆಗಳ ಕಾಲವಾದ್ದರಿಂದ ಊರಿನ ಬಾಡಿಗೆ ಕಾರುಗಳೆಲ್ಲ ಹೊರಟುಹೋಗಿದ್ದವು. ಹಂಗಾರಕಟ್ಟೆಯಲ್ಲಿ ಮದುಮಗಳು ಸೀರೆ ಉಟ್ಟು, ಹೂ ಮುಡಿದು ನನ್ನ ಕಾರಿಗಾಗಿ ಕಾಯುತ್ತಿದ್ದಾಳೆ. ನಾನು ರೇಷ್ಮೆ ಪಂಚೆ ಉಟ್ಟು ನಮ್ಮ ಅಂಗಳದಲ್ಲಿ ಚಾರ್ಜರಿನ ಎದುರು ನಿಂತಿದ್ದೇನೆ. ನನ್ನ ಬಡಾಯಿಗೆ ಆ ಮಗು ಬೀದಿಯಲ್ಲಿ ನಿಲ್ಲಬೇಕಾಯಿತಲ್ಲ ಎಂದು ನಿಜಕ್ಕೂ ಕಣ್ಣು ಒದ್ದೆಯಾಯಿತು.

ಸುಮತಿ ನನ್ನನ್ನು ಬೈಯಲಿಲ್ಲ. ಬೇಲಿಯ ಹತ್ತಿರ ಹೋಗಿ ಶೇಖರಣ್ಣನನ್ನು ಕರೆದು ವಿಷಯ ಹೇಳಿದಳು. ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದ ಅವರು ಬಾಯಿ ಮುಕ್ಕಳಿಸಿ ನನ್ನ ಕಡೆ ತಿರುಗಿದರು.

“ಇದನ್ನ್ ಹೇಳುಕೆ ಇಷ್ಟ್ ಹೊತ್ತಾ ಮಾರಾಯ್ರೆ? ಹತ್ತಿ, ಹೋಪ.”

ಹಂಗಾರಕಟ್ಟೆಯಲ್ಲಿ ಕಾರು ಸದ್ದಿಲ್ಲದೆ ಹೋಗಿ ನಿಂತಿತು. ಅಶ್ವಿನಿ ಬಂದು ಕೂತು, “ಮಾವ, ಎಷ್ಟ್ ಚಂದ ಇತ್ ನಿಮ್ ಕಾರ್!” ಎಂದಳು. ಶೇಖರಣ್ಣ ಸ್ಟೇರಿಂಗು ಹಿಡಿದು ಮುಂದೆಯೇ ನೋಡುತ್ತಿದ್ದರು. ಇದು ನನ್ನದಲ್ಲ ಮಗಾ ಎನ್ನಲು ಬಾಯಿ ತೆರೆದೆ. ಅದರಿಂದ ಹೊರಬಂದದ್ದು, “ಸೆರಗ್ ಒಳ್ಗ್ ತಕೊ, ಬಾಗಿಲ್ ಹಾಕ್ತೆ,” ಎಂಬ ಮಾತು.

ಬ್ರಹ್ಮಾವರದ ಕಲ್ಯಾಣ ಮಂಟಪದ ಎದುರು ಮದುಮಗಳು ಇಳಿದು ಒಳಗೆ ಹೋದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಕರೆಯೋಲೆ ಕೊಟ್ಟ ಮನೆಯವರೆಲ್ಲ ಕಾರಿನ ಸುತ್ತ ಸೇರಿದರು. ಅವರಿಂದ ಸುದ್ದಿ ಕೇಳಿದ, ಗಂಡಿನ ಕಡೆಯ ಬೈಂದೂರಿನ ಒಬ್ಬರು ಹಿರಿಯರು, ಕಾಲು ಬೀಸಿದರೆ ಡಿಕ್ಕಿ ತೆರೆಯುತ್ತದಂತಲ್ಲ, ಒಮ್ಮೆ ತೋರಿಸಿ ಎಂದರು. ಶೇಖರಣ್ಣನ ಕಾರಿನಲ್ಲಿ ಆ ಸೌಕರ್ಯ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕಾಲು ಬೀಸಿದೆ. ಕಟ್ ಎಂದು ಡಿಕ್ಕಿ ತೆರೆಯಿತು! ತಿರುಗಿ ನೋಡಿದರೆ ಶೇಖರಣ್ಣ ಎರಡೂ ಕೈ ಜೇಬಿನಲ್ಲಿಟ್ಟು ಆಕಾಶ ನೋಡುತ್ತಿದ್ದರು. ಜೇಬಿನೊಳಗೇ ಕೀ ಒತ್ತಿದ್ದರು ಪುಣ್ಯಾತ್ಮರು.

ಜನ ಚಪ್ಪಾಳೆ ಹೊಡೆದರು. ಹಿರಿಯರು ಇನ್ನೊಮ್ಮೆ ಎಂದರು. ಡಿಕ್ಕಿ ಮುಚ್ಚಿ ಹುರುಪಿನಿಂದ ಇನ್ನೊಮ್ಮೆ ಬೀಸಿದೆ. ಏನೂ ಆಗಲಿಲ್ಲ. ಜೋರಾಗಿ ಬೀಸಿದೆ. ಚಪ್ಪಲಿ ಹಾರಿ ಕಾರಿನ ಮೇಲಿಂದ ಆಚೆ ಬಿತ್ತು. ಶೇಖರಣ್ಣನಿಗೆ ಅಷ್ಟರಲ್ಲಿ ತಿಂಡಿಗೆ ಕರೆ ಬಂದು, ಅವರು ಒಳಗೆ ಗೋಳಿಬಜೆ ತಿನ್ನುತ್ತಿದ್ದರು.

ಆಗ ಸುಮತಿ ಬಂದಳು. ನನ್ನ ಚಪ್ಪಲಿಯನ್ನು ಕಾಲಿನಿಂದಲೇ ನನ್ನ ಕಡೆ ಸರಿಸಿದಳು.

“ಇದ್ ಶೇಖರಣ್ಣನ್ ಕಾರ್,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. “ನಮ್ದ್ ಎಲ್ಲಿತ್ತ್ ಅಂದ್ಹೇಳಿ ಕಂಪ್ನಿಯವ್ರಿಗೂ ಗೊತ್ತಿಲ್ಲೆ. ತಿಂಡಿಗ್ ಬನ್ನಿ ಎಲ್ಲ.”

ಎಲ್ಲರೂ ನಕ್ಕರು, ಶ್ರೀಧರ ಭಾವ ಎಲ್ಲರಿಗಿಂತ ಹೆಚ್ಚು. ಊಟದ ಹೊತ್ತಿಗೆ ಅಶ್ವಿನಿಗೂ ಸುದ್ದಿ ಮುಟ್ಟಿತ್ತು. ಅವಳು ಮಂಟಪದಿಂದಲೇ ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ನಗು ನೋಡಿದ ಮೇಲೆ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ನನ್ನ ಟಾಪ್ ಎಂಡ್ ಬಂದದ್ದು ಮಳೆಗಾಲ ಹಿಡಿದ ಮೇಲೆ. ಬಣ್ಣ ಬಿಳಿ. ಶೋರೂಮಿನಲ್ಲಿ ಹಾರ ಹಾಕಿ ಫೋಟೋ ತೆಗೆದರು. ಸುಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀಜಾಡಿಯ ಓಣಿಗೆ ಗತ್ತಿನಿಂದ ತಿರುಗಿದೆ. ಕಾರಿನ ಸದ್ದಿಲ್ಲ, ಹೊರಗೆ ಮಳೆ, ಒಬ್ಬರೂ ಬಾಗಿಲಿಗೆ ಬರಲಿಲ್ಲ. ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ಒಬ್ಬರು ಶೇಖರಣ್ಣ ಬಂದರೆಂದುಕೊಂಡು ಒಳಗೆ ಹೋದರು. ಇಷ್ಟು ಕಾದು ತಂದ ಕಾರನ್ನು ಯಾರೂ ನೋಡದಿದ್ದರೆ ಹೇಗೆ? ಉದ್ದಕ್ಕೆ ಹಾರ್ನ್ ಬಾರಿಸಿದೆ.

ಕೂಡಲೇ ಎದುರು ಮನೆಯ ಗಿರಿಜಕ್ಕನ ಬಾಗಿಲು ತೆರೆಯಿತು. ಗಿರಿಜಕ್ಕ ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಅಲ್ಯೂಮಿನಿಯಂ ಬೋಗುಣಿ ಹಿಡಿದು ಓಡೋಡಿ ಬಂದರು. ನಾನು ಗುಂಡಿ ಒತ್ತಿ ಗಾಜು ಇಳಿಸಿದೆ. ಅವರು ಬಗ್ಗಿ ಹಿಂದಿನ ಸೀಟಿನವರೆಗೂ ಕಣ್ಣು ಹಾಯಿಸಿದರು.

“ಇವತ್ ಬಂಗ್ಡಿ ಇತ್ತಾ?” ಎಂದು ಕೇಳಿದರು.