ಗಿಡುಗನಕಲ್ಲು ಕೋಟೆಯ ಪಶು ಆಸ್ಪತ್ರೆ

೧೯೯೪ರಲ್ಲಿ ನಾಗಮಂಗಲ ಸೀಮೆಯ ಗಿಡುಗನಕಲ್ಲು ಬೆಟ್ಟದ ಪಾಳೇಗಾರರ ಕೋಟೆಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಪಶು ಆಸ್ಪತ್ರೆಯಾಗಿ ಪರಿವರ್ತಿಸಲಾಯಿತು. ಬಾಡಿಗೆಯಿಲ್ಲ, ಗಾಳಿ ಚೆನ್ನಾಗಿದೆ, ಶತ್ರುಗಳು ಸುಲಭವಾಗಿ ಹತ್ತಲಾರರು ಎಂದು ಟಿಪ್ಪಣಿಯಲ್ಲಿ ಬರೆದಿತ್ತು. ದನಗಳು ಹತ್ತುವ ವಿಷಯ ಬರೆದಿರಲಿಲ್ಲ.

ಮಂಚಯ್ಯನ ಹಸುವಿಗೆ ಕೆಚ್ಚಲು ಬಾವು ಬಂತು. ಮನೆ ನಡೆಯುತ್ತಿದ್ದುದೇ ಅದರ ಹಾಲಿನಿಂದ. ಪಾಪ, ಅವನ ಜೀವ ಬಾಯಿಗೆ ಬಂದಿತ್ತು. ಅವನು ಮುಂದಿನಿಂದ ಎಳೆದ, ಹೆಂಡತಿ ಮಾರಮ್ಮ ಹಿಂದಿನಿಂದ ತಳ್ಳಿದಳು. ಹಸು ಕೋಟೆಯ ಮೊದಲ ಮೆಟ್ಟಿಲು ನೋಡಿ ಮಲಗಿಬಿಟ್ಟಿತು. ಬೆಟ್ಟದ ಬುಡದಲ್ಲೇ ಜನರ ಆಸ್ಪತ್ರೆಯಿತ್ತು. ಅದರ ಬೇವಿನ ನೆರಳಲ್ಲಿ ಹಸುವನ್ನೂ ಮಾರಮ್ಮನನ್ನೂ ಬಿಟ್ಟು ಮಂಚಯ್ಯ ಒಬ್ಬನೇ ಏದುಸಿರು ಬಿಡುತ್ತ ಹತ್ತಿದ.

"ರೋಗಿ ಎಲ್ಲಿ?" ಎಂದರು ದನದ ಡಾಕ್ಟರು ರಘುನಂದನ್.

"ಕೆಳಗೈತೆ ಸಾ. ಅತ್ತಕಾಗ್ದೆ ಮಲಿಕ್ಕಬುಡ್ತು. ನೀವೇ ಒಂದ್ಗಳಿಗೆ ಇಳ್ದು ಬನ್ನಿ."

"ನಾನು ಇಳಿದರೆ ಪ್ರವಾಸ ಅನ್ನಿಸಿಕೊಳ್ಳುತ್ತೆ ಮಂಚಯ್ಯ, ಅನುಮತಿ ಬೇಕು. ಹತ್ತಿ ಬಂದವರಿಗೆ ಮಾತ್ರ ಚಿಕಿತ್ಸೆ ಅಂತ ನಿಯಮ."

"ಅತ್ತಿ ಬಂದೋನು ನಾನೊಬ್ನೇ ಅಲ್ವಾ ಸಾ?"

ಡಾಕ್ಟರು ಯೋಚಿಸಿದರು. ನಿಯಮ ಸ್ಪಷ್ಟವಾಗಿತ್ತು. ಮಂಚಯ್ಯನನ್ನು ಮಲಗಿಸಿ, ಎದೆ ಪರೀಕ್ಷಿಸಿ, ಮಂಡಿಗೆ ಎತ್ತಿನ ಮುಲಾಮು ತಿಕ್ಕಿ ಚೀಟಿ ಬರೆದರು: 'ಬಣ್ಣ ಕಪ್ಪು. ಕೊಂಬಿಲ್ಲ. ಸ್ವಭಾವ ಸಾಧು.' ಬಹುಕಾಲದ ಮಂಡಿನೋವು ಅಲ್ಲೇ ಅರ್ಧ ಇಳಿಯಿತು.

ಕೆಳಗೆ ಬಂದರೆ ಹಸು ಎದ್ದು ನಿಂತು ಮೆಲುಕು ಹಾಕುತ್ತಿತ್ತು. ಜನರ ಆಸ್ಪತ್ರೆಗೆ ಡಾಕ್ಟರು ಇನ್ನೂ ನೇಮಕವಾಗಿರಲಿಲ್ಲ. ಕೆಲಸವಿಲ್ಲದೆ ಬೇಸತ್ತಿದ್ದ ನರ್ಸು ಜಯಲಕ್ಷ್ಮಮ್ಮ ಕೆಚ್ಚಲಿಗೆ ಶಾಖ ಕೊಟ್ಟು, ಕಟ್ಟಿದ ಹಾಲು ಹಿಂಡಿ, ಔಷಧಿ ಹಚ್ಚಿದ್ದರು.

"ಇದೂ ಬಾಣಂತೀನೇ ತಾನೇ ಅಂದ್ರು ಕಣ," ಎಂದಳು ಮಾರಮ್ಮ. ಮಂಚಯ್ಯನ ಕಣ್ಣು ತುಂಬಿತು.

ಸುದ್ದಿ ಹಬ್ಬಿತು. ವರ್ಷ ತಿರುಗುವಷ್ಟರಲ್ಲಿ ಜನರು ಕೋಟೆಗೆ ಹತ್ತುವುದು, ದನಗಳು ಜನರ ಆಸ್ಪತ್ರೆಗೆ ಬರುವುದು ರೂಢಿಯಾಯಿತು. ತಪಾಸಣೆಗೆ ಬಂದ ಮೇಲಧಿಕಾರಿಗಳು ಎರಡೂ ಕಡೆ ರೋಗಿಗಳ ಸಂಖ್ಯೆ ಹೆಚ್ಚಿರುವುದಕ್ಕೆ ಸಂತೋಷ ವ್ಯಕ್ತಪಡಿಸಿ, ಬುಡದ ಆಸ್ಪತ್ರೆಗೆ ದನ ಕಟ್ಟುವ ಗೊಂತು, ಕೋಟೆಗೆ ಮಂಚಗಳನ್ನು ಮಂಜೂರು ಮಾಡಿದರು.

ಆಮೇಲೊಂದು ದಿನ ಮಾರಮ್ಮನಿಗೆ ಚಳಿಜ್ವರ ಬಂತು. ಬೆಟ್ಟ ಹತ್ತುವ ಶಕ್ತಿಯಿರಲಿಲ್ಲ. ಮಂಚಯ್ಯ ಅವಳನ್ನು ಬುಡದ ಆಸ್ಪತ್ರೆಗೇ ಕರೆತಂದ.

"ಇಲ್ಲಿ ಜನಕ್ಕೆ ನೋಡಲ್ವಲ್ಲ ಮಂಚಯ್ಯ," ಎಂದರು ಜಯಲಕ್ಷ್ಮಮ್ಮ ಸಂಕಟದಿಂದ.

"ನಮ್ಮ ಅಸೀನ ಎಸ್ರಿಗೇ ಬರ್ಕಳಿ ನರ್ಸಮ್ಮ. ಅದಿನ್ನೂ ಮನೇಲೇ ಐತೆ, ಬ್ಯಾಸ್ರ ಮಾಡ್ಕಳಕಿಲ್ಲ."

ನರ್ಸಮ್ಮ ಬರೆದುಕೊಂಡರು. ಮಾರಮ್ಮ ಸೆರಗು ಹೊದ್ದು ಎರಡು ಎಮ್ಮೆಗಳ ಹಿಂದೆ ಸಾಲಿನಲ್ಲಿ ನಿಂತಳು. ಅವಳ ಹಿಂದೆ ಕರು ಹಿಡಿದು ಬಂದವನು, ಸಾಲು ಬೇಗ ಸಾಗುತ್ತಿದೆಯೇ ಎಂದಷ್ಟೇ ಕೇಳಿದ.