ವಿಭೂತಿ ಹಚ್ಚಿದ ರಬ್ಬರ್ ಹುಳುಗಳು

ದಾವಣಗೆರೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಮುರಿದದ್ದನ್ನು ಕೂಡಿಸುವ ವಿದ್ಯೆಯಲ್ಲಿ ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೇನೆ. ಹೀಗಿರುವಾಗ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳುಗಳ ಆಯುಷ್ಯ ಹೆಚ್ಚಿಸುವುದು ಎಷ್ಟರ ಕೆಲಸ!

ತಪ್ಪು ತಿಳಿಯಬೇಡಿ. ನಮ್ಮದು ಮೊಟ್ಟೆ ಎಂಬ ಶಬ್ದವನ್ನೂ ಹೊಸ್ತಿಲಾಚೆ ನಿಂತು ಆಡುವ ಮನೆ. ನಾನು ಮೀನು ತಿನ್ನುವುದಿಲ್ಲ, ಹಿಡಿದು ಮತ್ತೆ ನೀರಿಗೇ ಬಿಡುವವನು. ಮೂರು ವರ್ಷದಲ್ಲಿ ಎಷ್ಟು ಬಿಟ್ಟೆ ಎಂದು ಕೇಳಬೇಡಿ. ಬಿಡುವುದಕ್ಕೆ ಮೊದಲು ಸಿಗಬೇಕಲ್ಲ! ಪ್ರತಿ ಸೋಮವಾರ ಬೆಳಿಗ್ಗೆ ದೇವರ ದರ್ಶನಕ್ಕೆಂದು ಹರಿಹರಕ್ಕೆ ಬೈಕು ಬಿಡುತ್ತೇನೆ. ಗುಡಿಯಲ್ಲಿ ಎರಡು ನಿಮಿಷ, ಹೊಳೆ ದಂಡೆಯಲ್ಲಿ ಎರಡು ತಾಸು. ಇದು ಹೆಂಡತಿ ಗಿರಿಜಾಗೆ ಗೊತ್ತಿರಲಿಲ್ಲ. ನನ್ನ ಭಕ್ತಿಯನ್ನು ಅವಳು ಶಾಮನೂರಿನ ನಮ್ಮ ಬಡಾವಣೆಯ ತುಂಬ ಹೊಗಳಿಕೊಂಡು ಬಂದಿದ್ದಳು. ಗುಟ್ಟು ರಟ್ಟಾದರೆ ಅವಳು ಮುಖ ಎತ್ತಿ ತಿರುಗುವುದು ಹೇಗೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ಈ ಹುಳುಗಳು ಬಲು ಮೆತ್ತಗೆ. ಹೊಳೆಯ ಕಲ್ಲಿಗೆ ತಾಗಿದರೆ ಬಾಲ ಹರಿಯುತ್ತದೆ. ಹರಿದ ಜಾಗಕ್ಕೆ ಬಿಸಿ ಮುಟ್ಟಿಸಿ ಒತ್ತಿದರೆ ಮತ್ತೆ ಕೂಡುತ್ತದೆ. ಗುಟ್ಟಾಗಿ ಬಿಸಿ ಮುಟ್ಟಿಸಲು ನಮ್ಮ ಮನೆಯಲ್ಲಿ ಇರುವುದು ಒಂದೇ ಸಾಧನ, ಅಗರಬತ್ತಿ. ದಿನಾ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ತಾಸು ಹುಳುಗಳ ಶಸ್ತ್ರಚಿಕಿತ್ಸೆ ನಡೆಸಿದೆ. ಆಚೆಯಿಂದ ಗಿರಿಜಾ, "ಸಾಹೇಬ್ರು ಧ್ಯಾನದಾಗ ಅದಾರೆ, ಆಮ್ಯಾಲೆ ಬರ್ರಿ" ಎಂದು ಬಂದವರನ್ನು ಕಳಿಸುತ್ತಿದ್ದಳು. ಒಂದಕ್ಕೊಂದು ಅಂಟದಿರಲು ಪೌಡರ್ ಹಾಕಬೇಕಂತೆ. ಕೈಗೆ ಸಿಕ್ಕಿದ್ದು ವಿಭೂತಿ. ಗಟ್ಟಿಯನ್ನು ಪುಡಿ ಮಾಡಿ ಧಾರಾಳವಾಗಿ ಉದುರಿಸಿದೆ. ಪಕ್ಕದ ಮನೆಯ ಸರೋಜಮ್ಮ ಚಕ್ಕುಲಿ ಹಾಕಿ ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುಳು, ಅದೇ ಜಾತಿಯ ರಬ್ಬರ್ ಕಪ್ಪೆ, ಗಾಳ ಎಲ್ಲ ತುಂಬಿ ದೇವರ ಮಂಟಪದ ಕೆಳಗಿನ ಕಪಾಟಿನಲ್ಲಿಟ್ಟೆ.

ಬೇಸಿಗೆ ಶುರುವಾಯಿತು. ಒಂದು ಸಂಜೆ ದೀಪ ಹಚ್ಚಲು ಹೋದ ಗಿರಿಜಾ ಬಾಗಿಲಲ್ಲೇ ನಿಂತಳು.

"ರೀ, ಒಳಗ ಸೋಂಪಿನ ವಾಸ್ನೆ ಬರ್ತೈತೆ. ಯಾರೋ ನಿಂತು ಉಸಿರು ಬಿಟ್ಟಂಗ ಆಗ್ತೈತೆ."

ಮೀನಿಗೆ ಪ್ರಿಯವೆಂದು ಹುಳುಗಳಿಗೆ ಹಾಕಿರುವ ವಾಸನೆ ಅದು. "ಹೊಸ ಅಗರಬತ್ತಿ" ಎಂದೆ.

ಮರುದಿನ ಕಪಾಟಿನ ಅಡಿಯಿಂದ ಕೆಂಪಗೆ, ಜಿಡ್ಡಾಗಿ ಏನೋ ಒಸರಿತ್ತು. ಒರೆಸಿದಳು. ಸಂಜೆಗೆ ಮತ್ತೆ ಬಂತು. ಮೂರನೆಯ ದಿನ ಕಪಾಟು ತೆಗೆದವಳು ಚೀರಿ ಹಿಂದೆ ಸರಿದಳು. ನಾನು ಓಡಿಹೋಗಿ ನೋಡಿದೆ. ಡಬ್ಬಿಯ ಮುಚ್ಚಳ ಯಾರೋ ಬೆರಳಿನಿಂದ ಅದುಮಿದಂತೆ ಒಳಗೆ ಕುಸಿದಿತ್ತು. ಹುಳುಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು. ಕೆಂಪು, ಹಸಿರು, ಸುಟ್ಟ ಕಲೆ, ಅಲ್ಲಲ್ಲಿ ಹೊರಚಾಚಿದ ಬಾಲ, ಮೇಲೆ ವಿಭೂತಿ, ನಡುವೆ ಗಾಳದ ಮೊನೆ, ಒಂದು ಕಪ್ಪೆಯ ತೆರೆದ ಕಣ್ಣು. ಮುಟ್ಟಿದರೆ ಗದಗದ ನಡುಗಿತು. ಅದಕ್ಕಿಂತ ಹೆಚ್ಚು ನಾನು ನಡುಗಿದೆ. ಮೆತ್ತನೆಯ ರಬ್ಬರ್ ಗಟ್ಟಿ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

"ಮಾಟ" ಎಂದಳು ಗಿರಿಜಾ. "ಡಬ್ಬಿ ಸರೋಜಮ್ಮಂದು. ಅವ್ರ ಮನಿ ಬಾಗ್ಲು ನಾ ಇನ್ನ ತುಳಿಯಂಗಿಲ್ಲ. ಈ ಮನ್ಯಾಗೂ ಇರಂಗಿಲ್ಲ."

ಹತ್ತು ವರ್ಷದ ಗೆಳೆತನ ನನ್ನ ಕಣ್ಣೆದುರೇ ಮುರಿಯಿತು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಆಕಳಿಸಿ ಮುಚ್ಚಿಕೊಂಡೆ.

ಅವಳ ದೊಡ್ಡಮ್ಮ ಕೊಕ್ಕನೂರಿನಿಂದ ಬಂದರು. ಮುದ್ದೆಯನ್ನು ದೂರದಿಂದಲೇ ನೋಡಿ ತೀರ್ಪು ಕೊಟ್ಟರು. "ಕರಿ ದಾರ ಕಟ್ಟಿ ಹರಿಯೋ ನೀರಾಗ ಏಳು ಸಲ ಅದ್ದಿ ಬಿಡಬೇಕು. ಮನಿ ಗಂಡಸಿನ ಕೈಲೇ ಆಗಬೇಕು. ಬಾಯಿ ಬಿಡಬ್ಯಾಡ್ರಿ ಅಳಿಯಂದ್ರೆ. ಮಾತಾಡಿದ್ರೆ ಅದು ಮನಿಗೇ ವಾಪಸ್ ಬರ್ತೈತೆ."

ಹೊತ್ತು ಮುಳುಗುವ ಸಮಯಕ್ಕೆ ಮೂವರೂ ಹರಿಹರದ ಹೊಳೆ ದಂಡೆಯಲ್ಲಿದ್ದೆವು. ನಾನು ಸೋಮವಾರ ಕೂರುವ ಅದೇ ಕಲ್ಲು. ಆದರೆ ಆ ಸಂಜೆ ಹೊಳೆ ಗುರುತೇ ಇಲ್ಲದಂತೆ ಕಪ್ಪಾಗಿತ್ತು, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಒಂದು ಸಲ ಅದ್ದಿದೆ. ಎರಡು. ಮೂರು. ನಾನೇ ಮಾಡಿದ ಮುದ್ದೆ ಎಂದು ಗೊತ್ತಿದ್ದರೂ ಬೆನ್ನಿನಲ್ಲಿ ಚಳಿ ಹತ್ತಿತು. ಆರನೆಯ ಸಲ ದಾರ ಬಿಗಿಯಿತು. ಆಮೇಲೆ ಮೆಲ್ಲಗೆ, ಹರಿವಿಗೆ ಎದುರಾಗಿ, ಮೇಲಕ್ಕೆ ಹೊರಟಿತು.

"ಎಳೀತೈತೆ" ಎಂದು ಪಿಸುಗುಟ್ಟಿದ ಗಿರಿಜಾಳ ಕೈ ನನ್ನ ಭುಜದ ಮೇಲೆ ತಣ್ಣಗಾಗಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿ ಶಿವನನ್ನು ಕರೆದರು.

ಎರಡು ಬೆರಳು ಸಡಿಲಿಸಿದ್ದರೆ ಸಾಕಿತ್ತು. ದಾರ ಹೋಗುತ್ತಿತ್ತು, ಗುಟ್ಟು ಉಳಿಯುತ್ತಿತ್ತು, ಭಕ್ತ ಎಂಬ ಹೆಸರೂ ಉಳಿಯುತ್ತಿತ್ತು. ಆದರೆ ಮೂರು ವರ್ಷ! ಮೂರು ವರ್ಷದಲ್ಲಿ ಮೊದಲ ಸಲ!

"ಕಚ್ಚಿತು!" ಎಂದು ಕಿರುಚಿದೆ. "ಗಿರಿಜಾ, ಹಿಂದೆ ಸರಿ, ದಾರ ಸಡಿಲ ಬಿಡಬೇಕು!"

ಮೊಣಕಾಲುದ್ದ ನೀರಿಗಿಳಿದು, ಬಿಟ್ಟು, ಎಳೆದು, ಮೊಳದುದ್ದದ ಮೀನನ್ನು ದಂಡೆಗೆ ತಂದೆ. ಪಳಗಿದವನಂತೆ ದವಡೆ ಹಿಡಿದು ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟೆ. ತಿರುಗಿ ನೋಡಿದಾಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮಾಟಕ್ಕೂ ಅವರು ಅಷ್ಟು ಹೆದರಿರಲಿಲ್ಲ.

"ಎಷ್ಟು ವರ್ಷ ಆತು?" ಗಿರಿಜಾ ಕೇಳಿದಳು.

ಎಲ್ಲ ಹೇಳಿದೆ. ಅಗರಬತ್ತಿ, ವಿಭೂತಿ, ಧ್ಯಾನ. ಅವಳು ಅಳಲಿಲ್ಲ, ಬೈಯಲಿಲ್ಲ. ಮುದ್ದೆ ಎತ್ತಿಕೊಂಡು ಒಂದು ಬಾಲವನ್ನು ತಿರುಗಿಸಿ ನೋಡಿದಳು.

"ಇದನ್ನ ಅಂಟಿಸಿದ್ದು ನೀವಾ? ಗೊತ್ತೇ ಆಗಂಗಿಲ್ಲ, ಚಲೋ ಅಂಟಿಸೀರಿ."

"ನಾಲ್ಕು ಸಲ" ಎಂದೆ, ಎದೆ ಉಬ್ಬಿಸಿ.

"ನನ್ನ ಕುಕ್ಕರ್ ಹಿಡಿಕಿ ಸಡಲಾಗಿ ಆರು ತಿಂಗ್ಳಾತು. ಪಾತ್ರೆ ಅಂಗಡಿ ಸಾಹುಕಾರ್ರಿಗೆ ಪುರುಸೊತ್ತು ಆಗಿಲ್ಲ."

ಅವತ್ತೇ ರಾತ್ರಿ ಸರೋಜಮ್ಮನವರ ಬಾಗಿಲಲ್ಲಿ ನಿಂತು ನಾನೇ ತಪ್ಪೊಪ್ಪಿಕೊಂಡೆ. ಈಗ ಸೋಮವಾರ ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಕೂತು ಎರಡೂ ಮನೆಯ ಕುಕ್ಕರ್ ಹಿಡಿಕೆ ಬಿಗಿಯುತ್ತೇನೆ. ದೊಡ್ಡಮ್ಮ ಹೇಳಿದಂತೆ ಮುದ್ದೆಯೂ ಮನೆಗೇ ವಾಪಸ್ ಬಂತು. ದೃಷ್ಟಿ ಗೊಂಬೆಗಿಂತ ಇದೇ ಭಯಂಕರ ಎಂದು ಗಿರಿಜಾ ಅದನ್ನು ತಲೆಬಾಗಿಲಿಗೆ ಕಟ್ಟಿದ್ದಾಳೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿತು. ಒಂದು ಬಾಲವೂ ಹರಿದಿಲ್ಲ. ಕತ್ತಲಾದ ಮೇಲೆ ಅಂಗಡಿಯಿಂದ ಬರುವಾಗ ಆ ಕಪ್ಪೆಯ ಕಣ್ಣು ನನ್ನನ್ನೇ ನೋಡುತ್ತದೆ. ನಾನು ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತೇನೆ.