ಒಣಗಿಸುವ ಕೋಣೆಯಲ್ಲಿ ರಾಗಿ ಪೈರು

ನಾನು ಬಹಳ ಧೈರ್ಯದ ಹೆಂಗಸು ಎಂದು ನನ್ನ ತವರಿನಲ್ಲಿ ಈಗಲೂ ನಂಬಿದ್ದಾರೆ. ಅವರ ನಂಬಿಕೆ ಅವರಿಗಿರಲಿ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಜಿರಲೆ, ಹಲ್ಲಿ, ಆಫೀಸಿನ ಮ್ಯಾನೇಜರು, ಊರಿಂದ ಬಂದ ಅತ್ತೆ, ಇವರ್ಯಾರಿಗೂ ಹೆದರದ ನಾನು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ಕೋಣೆಗೆ ಹೆದರುತ್ತೇನೆ. ಗೋಥೆನ್‌ಬರ್ಗಿನ ನಮ್ಮಂಥ ಹಳೆಯ ಕಟ್ಟಡಗಳಲ್ಲಿ ಮನೆಮನೆಗೂ ವಾಷಿಂಗ್ ಮೆಷಿನ್ ಇರುವುದಿಲ್ಲ. ಎಲ್ಲರಿಗೂ ಸೇರಿ ಒಂದೇ ಕೋಣೆ, ಅದರ ಪಕ್ಕದಲ್ಲೇ ಬಿಸಿಗಾಳಿ ಬೀಸುವ, ಬಟ್ಟೆ ಒಣಗಿಸುವ ಇನ್ನೊಂದು ಕೋಣೆ. ಮುಂಚೆಯೇ ಬುಕ್ ಮಾಡಿಕೊಂಡು ಹೋಗಬೇಕು, ಹೊತ್ತು ಮುಗಿಯುತ್ತಲೇ ಎಲ್ಲವನ್ನೂ ಬಾಚಿಕೊಂಡು ಬರಬೇಕು. ಒಮ್ಮೆ ನನ್ನ ಗಂಡ ರಘುವಿನ ಒಂಟಿ ಕಾಲುಚೀಲ ಅಲ್ಲೇ ಉಳಿದುಬಿಟ್ಟಿತ್ತು. ಮಾರನೆಯ ಬೆಳಿಗ್ಗೆ ಅದು ನೋಟಿಸ್ ಬೋರ್ಡಿನ ಮೇಲೆ ಪಿನ್ನು ಚುಚ್ಚಿಸಿಕೊಂಡು ನೇತಾಡುತ್ತಿತ್ತು. ಕೆಳಗೆ ಸ್ವೀಡಿಶ್‌ನಲ್ಲಿ "ಇದು ಯಾರದು???" ಎಂಬ ಚೀಟಿ. ನಾವಿಬ್ಬರೂ ಆ ಕಾಲುಚೀಲಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನುವಂತೆ ತಿಂಗಳುಗಟ್ಟಲೆ ಅದರ ಮುಂದೆ ಓಡಾಡಿದೆವು. ಹಾಗೆ ಚುಚ್ಚಿದವರು ಮೂರನೆಯ ಮಹಡಿಯ ಬಿರ್ಗಿಟ್ಟಾ. ನಿವೃತ್ತೆ, ಒಂಟಿ ಜೀವ, ಜೊತೆಗೊಂದು ದಪ್ಪ ಬೆಕ್ಕು. ಆ ಕೋಣೆಯ ಉಸ್ತುವಾರಿ ಅವರದು.

ಇನ್ನು ಶರತ್ಕಾಲದ ವಿಷಯಕ್ಕೆ ಬರುತ್ತೇನೆ. ಮೈಸೂರು ಬೆಂಗಳೂರಿನಲ್ಲಿದ್ದಾಗ ಶರದೃತು ಎನ್ನುವುದನ್ನು ನಾನು ಪುರೋಹಿತರ ಸಂಕಲ್ಪದಲ್ಲಿ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಇಲ್ಲಿ ಹಾಗಲ್ಲ. ಸೆಪ್ಟೆಂಬರ್ ಬಂತೆಂದರೆ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಒಣ ಎಲೆ, ಕೆಂಪು ಕಾಯಿಗಳ ಬಳೆಯಂಥ ಹಾರ ತೂಗುಹಾಕುತ್ತಾರೆ, ಹೊಸ್ತಿಲ ಬಳಿ ನೇರಳೆ ಹೂವಿನ ಕುಂಡ ಇಡುತ್ತಾರೆ, ಕಿಟಕಿಯಲ್ಲಿ ದೀಪ ಹಚ್ಚುತ್ತಾರೆ. ನಾನೇನು ಕಡಿಮೆ ಎಂದು ನಾನೂ ಒಂದು ಹಾರ, ಒಂದು ಕುಂಡ, ಎರಡು ಮುದ್ದಾದ ಕುಂಬಳಕಾಯಿ ತಂದು ಬಾಗಿಲಲ್ಲಿ ಜೋಡಿಸಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಆ ವಾರವೇ ಅತ್ತೆ ಮೈಸೂರಿನಿಂದ ಬಂದಿಳಿದರು. ಬಾಗಿಲಲ್ಲೇ ನಿಂತು, "ಅಲ್ವೇ ವೀಣಾ, ಇಷ್ಟು ಚೆನ್ನಾಗಿರೋ ಕುಂಬಳಕಾಯಿನ ಹೊರಗೆ ಚಳೀಲಿ ಕೂರ್ಸಿದೀಯಲ್ಲ, ಪಾಪ!" ಎಂದರು. ಮಾರನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಂದು ಕುಂಬಳಕಾಯಿ ಹುಳಿಯಾಗಿತ್ತು, ಇನ್ನೊಂದು ಪಲ್ಯವಾಗಿತ್ತು. ರುಚಿಯಾಗಿಯೇ ಇತ್ತು, ಅದೇ ನನ್ನ ಹೊಟ್ಟೆ ಇನ್ನಷ್ಟು ಉರಿಸಿದ್ದು.

ಅತ್ತೆಯ ಸೂಟ್‌ಕೇಸಿನ ಅರ್ಧದಲ್ಲಿ ಸೀರೆ, ಇನ್ನರ್ಧದಲ್ಲಿ ಪಂಚೆಯಲ್ಲಿ ಸುತ್ತಿದ ಗೊಂಬೆಗಳಿದ್ದವು. ಪಟ್ಟದ ರಾಜ ರಾಣಿ, ಅಂಗಡಿ ಶೆಟ್ಟಿ ಶೆಟ್ಟಿತಿ, ಬೆರಳುದ್ದದ ಬ್ಯಾಂಡಿನವರು, ಎರಡು ಮಣ್ಣಿನ ಬಾತುಕೋಳಿ. ಮಾವ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಅವರಿಲ್ಲದೆ ಕೂರಿಸುವ ಮೊದಲ ದಸರಾ ಗೊಂಬೆ ಇದು. ಆ ಮನೆಯಲ್ಲಿ ಗೊಂಬೆಯ ಕೆಲಸವೆಲ್ಲ ಅತ್ತೆಯದಾದರೆ, ಕೆಳಗಿನ ಮೆಟ್ಟಿಲಿನ ಪಾರ್ಕು ಮಾತ್ರ ಮಾವನದು. ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಹಬ್ಬದ ಹೊತ್ತಿಗೆ ಹಸಿರು ಪೈರು ಬರಿಸಿ, ನಡುವೆ ಕೈಗನ್ನಡಿಯಿಟ್ಟು ಕೊಳ ಮಾಡಿ ಬಾತುಕೋಳಿ ಬಿಡುತ್ತಿದ್ದರಂತೆ. ಅತ್ತೆ ಇದನ್ನೆಲ್ಲ ಅಳುತ್ತ ಹೇಳಲಿಲ್ಲ. ಹುರುಳಿಕಾಯಿಯ ನಾರು ತೆಗೆಯುತ್ತ, ತಲೆಯೆತ್ತದೆ, "ಪಾರ್ಕ್ ಒಂದು ಆದ್ರೆ ಸಾಕು ಕಣೆ. ಮಿಕ್ಕಿದ್ದು ಹೆಂಗಿದ್ರೂ ನಡೆಯುತ್ತೆ" ಎಂದರು. ಅಂಥ ಹೊತ್ತಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಪಾರ್ಕಿನ ಜವಾಬ್ದಾರಿ ನನ್ದು ಅತ್ತೆ, ನೀವು ಆ ಯೋಚನೆಯೇ ಬಿಡಿ" ಎಂದುಬಿಟ್ಟೆ. ಮನಿಪ್ಲಾಂಟನ್ನೂ ಒಣಗಿಸಿದ ದಾಖಲೆ ಇರುವವಳು ನಾನು.

ರಾಗಿ ಚೆಲ್ಲಿದೆ. ನೀರು ಚಿಮುಕಿಸಿದೆ. ರಾಗಿ ಮಿಸುಕಲಿಲ್ಲ. ನಮ್ಮ ಕಟ್ಟಡದಲ್ಲಿ ಹೀಟರು ನಮ್ಮ ಕೈಯಲ್ಲಿಲ್ಲ. ಹೊರಗೆ ಸಾಕಷ್ಟು ಚಳಿಯಾಯಿತೆಂದು ಎಲ್ಲೋ ಕೂತ ಯಂತ್ರಕ್ಕೆ ಮನವರಿಕೆಯಾದ ಮೇಲೆ ಅದಾಗಿಯೇ ಬೆಚ್ಚಗಾಗುತ್ತದೆ. ಆ ಯಂತ್ರಕ್ಕೆ ಇನ್ನೂ ಸೆಕೆ ಅನ್ನಿಸುತ್ತಿತ್ತೋ ಏನೋ. ಅತ್ತೆ ಶಾಲು ಹೊದ್ದು ಬೆಳಿಗ್ಗೆ ಎದ್ದು ಮೊದಲು ತಟ್ಟೆ ನೋಡುವರು, ಏನೂ ಹೇಳದೆ ಕಾಫಿಗೆ ಹೋಗುವರು. ಒಂದು ಮಾತು ಆಡಿದ್ದರೆ ಜಗಳವಾದರೂ ಆಡಬಹುದಿತ್ತು! ರಘುವನ್ನು ಕೇಳಿದೆ. "ಓವನ್‌ನಲ್ಲಿ ಇಡು, ಲೋ ಹೀಟ್‌ನಲ್ಲಿ" ಎಂದ. "ಇಡ್ತೀನಿ, ರೊಟ್ಟಿ ಆದ್ಮೇಲೆ ನೀನೇ ತಿನ್ನು" ಎಂದೆ. "ಟೆನ್ಷನ್ ಯಾಕ್ ಮಾಡ್ಕೋತೀಯಾ, ಆಗುತ್ತೆ ಬಿಡು" ಎಂದ. ಆಗುತ್ತೆ ಬಿಡು ಎನ್ನುವ ಗಂಡಸರ ಮನೆಯಲ್ಲಿ ಏನಾದರೂ ಆಗುತ್ತಿದ್ದರೆ ಅದು ಯಾರೋ ಹೆಂಗಸು ಬಿಡದೆ ಇದ್ದದ್ದರಿಂದ, ಈ ಮಾತನ್ನು ನೀವು ಬೇಕಾದರೆ ಬರೆದಿಟ್ಟುಕೊಳ್ಳಿ.

ಹಬ್ಬ ಹತ್ತಿರ ಬಂತು. ಶನಿವಾರಕ್ಕೆ ನಮ್ಮ ಕನ್ನಡದವರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಾಗಿತ್ತು. ಆಗ ನನಗೆ ಹೊಳೆದದ್ದು ಒಣಗಿಸುವ ಕೋಣೆ. ಈ ಊರಿನಲ್ಲಿ ಮೈಸೂರಿನ ಬಿಸಿಲಿಗೆ ಸಮನಾದದ್ದು ಏನಾದರೂ ಇದ್ದರೆ ಅದೊಂದೇ. ತಟ್ಟೆಯನ್ನು ಬಟ್ಟೆಬುಟ್ಟಿಯ ತಳದಲ್ಲಿಟ್ಟು, ಮೇಲೆ ಟವೆಲು ಮುಚ್ಚಿ ಇಳಿದೆ. ಹಿಂದಿನ ಮೂಲೆಯ ಎತ್ತರದ ಗೂಡಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಇಟ್ಟು ಬಂದೆ. ಅಂದಿನಿಂದ ಆಫೀಸಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಖಾಲಿ ಬುಟ್ಟಿ ಹಿಡಿದು ಕೆಳಗಿಳಿಯುವುದೇ ಕೆಲಸ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನೋಟಿಸ್ ಬೋರ್ಡು ಓದುವವಳಂತೆ ತಿರುಗಿ ನಿಲ್ಲುತ್ತಿದ್ದೆ. ಒಮ್ಮೆ ಬಿರ್ಗಿಟ್ಟಾ ಎದುರೇ ಸಿಕ್ಕು, ಬುಟ್ಟಿಯ ಕಡೆ ನೋಡಿ, "ಬಹಳ ಬಟ್ಟೆ ಒಗೆಯುತ್ತೀರಿ" ಎಂದರು. ಅವರಾಡಿದ್ದು ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು, "ನಮ್ಮತ್ತೆ ಬಂದಿದ್ದಾರೆ, ಸೀರೆಗಳು ತುಂಬ ಉದ್ದ" ಎಂದು ಏನೇನೋ ತೊದಲಿದೆ.

ಆದರೆ ರಾಗಿ ಮೊಳೆಯಿತು! ಒದ್ದೆ ಬಟ್ಟೆ ಸರಿಸಿ ನೋಡಿದರೆ ಬಿಳಿಚಿಕೊಂಡ ಸಣ್ಣ ಸಣ್ಣ ಎಳೆಗಳು, ನನ್ನನ್ನೇ ನೋಡುತ್ತಿರುವಂತೆ ನಿಂತಿದ್ದವು. ಒಗೆಯುವ ಯಂತ್ರಗಳ ಗುರುಗುರು ಸದ್ದಿನ ನಡುವೆ ನಿಂತು ನಾನು ಕಣ್ಣೀರು ಹಾಕಿದೆ ಎಂದು ಹೇಳಿದರೆ ನೀವು ನಗುತ್ತೀರಿ, ನಗಿ. ಮೇಲೆ ಬಂದು, "ಬಂತು ಅತ್ತೆ, ಪೈರು ಬಂತು!" ಎಂದೆ. "ಎಲ್ಲೆ ಇಟ್ಟಿದೀಯಾ?" "ಬೆಚ್ಚಗಿರೋ ಕಡೆ." ಅತ್ತೆ ಹೆಚ್ಚು ಕೇಳಲಿಲ್ಲ. ಫರ್ನಿಚರ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಪೇರಿಸಿ ಮೇಲೆ ಮಾವನ ಬಿಳಿ ಪಂಚೆ ಹಾಸಿಟ್ಟಿದ್ದೆವು. ಅತ್ತೆ ಕೆಳಗಿನ ಮೆಟ್ಟಿಲಲ್ಲಿ ಕೈಗನ್ನಡಿ ಇಟ್ಟರು. ಬಾತುಕೋಳಿಗಳನ್ನು ಮಾತ್ರ ಸೆರಗಿನಿಂದ ಒರೆಸಿ ಕೈಯಲ್ಲೇ ಹಿಡಿದುಕೊಂಡು, "ಹಸಿರು ಬರ್ಲಿ, ಆಮೇಲೆ ಬಿಡ್ತೀನಿ" ಎಂದರು.

ಶುಕ್ರವಾರ ಸಂಜೆ ಕೆಳಗೆ ಹೋದೆ. ತಟ್ಟೆ ಇರಲಿಲ್ಲ.

ಗೂಡಿನಲ್ಲಿ ನನ್ನ ಒದ್ದೆ ಬಟ್ಟೆ ನೀಟಾಗಿ ಮಡಿಸಿಟ್ಟಿತ್ತು. ಹಾಗೆ ಮಡಿಸುವವರು ಈ ಕಟ್ಟಡದಲ್ಲಿ ಒಬ್ಬರೇ. ನೋಟಿಸ್ ಬೋರ್ಡಿಗೆ ಓಡಿದೆ. ಅಲ್ಲಿ ಏನೂ ಚುಚ್ಚಿರಲಿಲ್ಲ, ಅದು ಇನ್ನೂ ಭಯಂಕರ. ಅಂದರೆ ವಿಷಯ ಚೀಟಿಯ ಮಟ್ಟ ದಾಟಿ ಮೇಲೆ ಹೋಗಿದೆ! ನನ್ನ ತಲೆ ಆಗ ಎಲ್ಲೆಲ್ಲಿಗೆ ಓಡಿತೆಂದರೆ, ನಮ್ಮ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ, ಅಧಿಕಾರಿ ಫೈಲು ತೆರೆಯುತ್ತಾನೆ, ಒಳಗೆ "ಒಣಗಿಸುವ ಕೋಣೆಯಲ್ಲಿ ಕೃಷಿ" ಎಂದಿದೆ. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಬಿರ್ಗಿಟ್ಟಾ! ಯಾವಾಗಲೂ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹೆಂಗಸು ಅಂದು ನನ್ನ ಮುಖವನ್ನೇ ನೋಡಲಿಲ್ಲ. ನೆಲ ನೋಡಿಕೊಂಡು ನಿಂತರು. ಮೂರನೆಯ ಮಹಡಿಯಲ್ಲಿ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಇಳಿದು ಹೋದರು.

"ಹೋಗಿ ಕೇಳ್ಬಿಡು" ಎಂದ ರಘು. ಕೇಳಿದರೆ ತಪ್ಪು ಒಪ್ಪಿಕೊಂಡಂತೆ. ಕೇಳದಿದ್ದರೆ ನಾಳೆ ಅತ್ತೆಯ ಕೈಯಲ್ಲಿ ಬಾತುಕೋಳಿ ಹಾಗೇ ಉಳಿಯುತ್ತದೆ. ಉಗುಳಲೂ ಆಗದ, ನುಂಗಲೂ ಆಗದ ಸ್ಥಿತಿ. ಅಡುಗೆಮನೆಯಲ್ಲಿ ಅತ್ತೆ ಗೊಂಬೆ ಬಾಗಿನಕ್ಕೆಂದು ಕೊಬ್ಬರಿಮಿಠಾಯಿ ತಿರುವುತ್ತ, ನನ್ನ ಕಡೆ ನೋಡಿ, "ಪೈರು ಈಗ ಎಷ್ಟೆತ್ತರ ಬಂದಿದೆಯೇ?" ಎಂದು ಕೇಳಿದರು. ನಾನು ಕೈಯಲ್ಲಿ ಏನೋ ಒಂದು ಎತ್ತರ ತೋರಿಸಿದೆ. ಅತ್ತೆಯ ಮುಖ ಅರಳಿತು. ಆ ಅರಳಿದ ಮುಖ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಆದದ್ದಾಗಲಿ, ಪರ್ಮಿಟ್ ಹೋದರೆ ಹೋಗಲಿ ಎಂದು ಬಾಗಿಲು ತೆಗೆದೆ. ಎದುರಿಗೆ ಬೆಲ್ ಒತ್ತಲು ಬೆರಳು ಚಾಚಿಕೊಂಡು ಬಿರ್ಗಿಟ್ಟಾ ನಿಂತಿದ್ದರು. ಇಬ್ಬರೂ ಒಟ್ಟಿಗೆ ಕಿರುಚಿದೆವು.

ಅವರ ಒಂದು ಕೈಯಲ್ಲಿ ಸೇಬಿನ ಚೀಲ, ಇನ್ನೊಂದು ಕೈಯಲ್ಲಿ ನನ್ನ ತಟ್ಟೆ. ಮುಖ ಕೆಂಪಗಾಗಿತ್ತು. ಅವರು ಸ್ವೀಡಿಶ್‌ನಲ್ಲಿ ಒಂದೇ ಉಸಿರಿಗೆ ಹೇಳಿದ್ದು ಇಷ್ಟು: "ಕತ್ತಲೆಯಲ್ಲಿ ಪಾಪ ಬಿಳಿಚಿಕೊಂಡಿತ್ತು. ಯಾರದೋ ಮೊದಲು ಗೊತ್ತಾಗಲಿಲ್ಲ, ಆಮೇಲೆ ನಿಮ್ಮ ಬುಟ್ಟಿ ನೆನಪಾಯಿತು. ನನ್ನ ಕಿಟಕಿಯಲ್ಲಿ ದೀಪದ ಕೆಳಗೆ ಇಟ್ಟೆ. ಹಸಿರಾಯಿತು, ಎಷ್ಟು ಚೆನ್ನಾಗಿ ಹಸಿರಾಯಿತು! ಆಮೇಲೆ ನನ್ನ ಬೆಕ್ಕು..." ನಾನು ತಟ್ಟೆ ನೋಡಿದೆ. ಒಂದು ಭಾಗ ನಿಜವಾಗಿಯೂ ಹಸಿರೋ ಹಸಿರು. ಉಳಿದ ಭಾಗ ಬುಡಮಟ್ಟ ಬೋಳು. ಇಲ್ಲಿ ಮನೆಯ ಬೆಕ್ಕುಗಳಿಗೆ ತಿನ್ನಲೆಂದೇ ಕುಂಡದಲ್ಲಿ ಹುಲ್ಲು ಬೆಳೆಸಿ ಮಾರುತ್ತಾರೆ. ಆ ಬೆಕ್ಕು ಇದೂ ತನ್ನ ಪಾಲಿನದೇ ಎಂದುಕೊಂಡು ಮಾವನ ಪಾರ್ಕಿಗೆ ಬಾಯಿ ಹಾಕಿತ್ತು. "ಬೇರೆಯವರ ವಸ್ತು ಮುಟ್ಟಬಾರದು ಎಂದು ನಾನೇ ಬರೆದು ಅಂಟಿಸಿದ್ದೇನೆ" ಎನ್ನುವಾಗ ಆ ಹೆಂಗಸಿನ ಧ್ವನಿ ನಡುಗಿತು. ಅಯ್ಯೋ ದೇವರೇ, ನನಗೆ ಹೆದರಿಕೊಂಡು ಒಬ್ಬರು ನಿಂತಿದ್ದಾರೆ ಎಂದರೆ ನಂಬಲಿಕ್ಕೇ ಆಗಲಿಲ್ಲ!

ಅಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದರು. ತಟ್ಟೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಕೇಳಿಸಿದ್ದು ನಗು. "ಅಯ್ಯೋ, ಇದೆಂಥದೇ! ನಿಮ್ಮ ಮಾವಾನೂ ಪ್ರತಿ ವರ್ಷ ಹಿಂಗೇ ಮಾಡೋರು. ನಾನು ಅಷ್ಟು ಕಾದು ಕೂತಿರೋ ಪೈರಿನ ಅರ್ಧಾನ ಕತ್ತರಿ ತಗೊಂಡು ಕಚಕಚ ಕತ್ತರಿಸಿಬಿಟ್ಟು, ಇದು ಕ್ರಿಕೆಟ್ ಗ್ರೌಂಡು ಲೇ ಅನ್ನೋರು. ನಾನು ಬೈಯ್ಯೋಳು. ಒಂದು ವರ್ಷಾನಾದ್ರೂ ಪೂರ್ತಿ ಪಾರ್ಕ್ ಬಿಡ್ರೀ ಅಂತ." ನಗುತ್ತ ನಗುತ್ತಲೇ ಅತ್ತೆಯ ಕಣ್ಣು ತುಂಬಿತು. "ನೋಡು, ಈ ವರ್ಷಾನೂ ಬಿಡ್ಲಿಲ್ಲ." ಬಿರ್ಗಿಟ್ಟಾಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅತ್ತೆ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಂದು ಬಾತುಕೋಳಿಯನ್ನು ಅವರ ಅಂಗೈಯಲ್ಲಿಟ್ಟರು. ಬಿರ್ಗಿಟ್ಟಾ ತಾವೇ ಅದನ್ನು ಕೊಳಕ್ಕೆ ಬಿಟ್ಟರು.

ಶನಿವಾರ ಹಬ್ಬ ಗಮ್ಮತ್ತಾಗಿ ನಡೆಯಿತು. ಬ್ಯಾಂಡಿನವರೆಲ್ಲ ಬೋಳು ಜಾಗದಲ್ಲಿ ಫೀಲ್ಡಿಂಗಿಗೆ ನಿಂತರು. ಬಿರ್ಗಿಟ್ಟಾ ಕುಂಕುಮ ಇಟ್ಟುಕೊಂಡು, ಕಡಲೆಕಾಳು ಉಸಲಿ ಎರಡು ಸಲ ಹಾಕಿಸಿಕೊಂಡು, ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ನನಗೆ ಮಂಡಿ ನೋವು, ಇನ್ನು ನೆಲಮಾಳಿಗೆ ಇಳಿಯುವುದು ಕಷ್ಟ. ನೀವಂತೂ ಬೆಳಿಗ್ಗೆ ಸಂಜೆ ಖಾಲಿ ಬುಟ್ಟಿ ಹಿಡಿದು ಹೇಗೂ ಇಳಿಯುತ್ತೀರಲ್ಲ" ಎಂದು ಒಣಗಿಸುವ ಕೋಣೆಯ ಬೀಗದ ಕೈಯನ್ನೂ ಪಿನ್ನಿನ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟರು. ಖಾಲಿ ಎನ್ನುವಾಗ ಅವರ ತುಟಿಯಂಚಿನಲ್ಲಿ ಸಣ್ಣ ನಗು ಇತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಉಸ್ತುವಾರಿ ಸಿಕ್ಕಿದ ಮೇಲೆ ನನ್ನ ಕಣ್ಣು ಹದ್ದಿನ ಕಣ್ಣಾಯಿತು. ಕಾಲುಚೀಲ ಬಿಡುವವರು, ಮೆಷಿನ್ನಿನ ಜಾಲರಿ ಸ್ವಚ್ಛ ಮಾಡದವರು, ಛೆ, ಎಂಥೆಂಥ ಜನ! ಮೊನ್ನೆ ಹೋಗಿ ನೋಡುತ್ತೇನೆ, ಒಣಗಿಸುವ ಕೋಣೆಯ ತಂತಿಯ ಮೇಲೆ ಯಾರೋ ಸೇಬನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ದಾರಕ್ಕೆ ಪೋಣಿಸಿ ತೂಗುಹಾಕಿದ್ದಾರೆ. ಇಲ್ಲಿನವರು ಸುಗ್ಗಿಯ ಸೇಬನ್ನು ಹೀಗೆ ಒಣಗಿಸಿಡುವುದು ನನಗೆ ಗೊತ್ತು. ಆದರೆ ಅದಕ್ಕೆ ಜಾಗ ಇದೇ? ನೆತ್ತಿಗೇರಿತು. ಅಲ್ಲೇ ನಿಂತು ಸ್ವೀಡಿಶ್‌ನಲ್ಲಿ, "ಈ ಕೋಣೆ ಬಟ್ಟೆಗೆ ಮಾತ್ರ. ತಿನ್ನುವ ಪದಾರ್ಥ ಇಲ್ಲಿ ತಂದಿಡುವುದು ನಾಚಿಕೆಗೇಡು!!!" ಎಂದು ಬರೆದು, ಪಿನ್ನು ಚುಚ್ಚಿ, ಕೈ ಕೊಡವಿಕೊಂಡು ಮೇಲೆ ಬಂದೆ.

ಊಟಕ್ಕೆ ಕೂತಾಗ ಅತ್ತೆ ಸಾರು ಬಡಿಸುತ್ತ ಕೇಳಿದರು. "ಅಲ್ವೇ ವೀಣಾ, ಕೆಳಗಿನ ಬಿಸಿ ರೂಮಲ್ಲಿ ಯಾರೋ ಚೀಟಿ ಅಂಟ್ಸಿದಾರೆ. ಬಿರ್ಗಿಟ್ಟಾ ಹೇಳ್ಕೊಟ್ಲು ಅಂತ ನಾನು ಸೇಬು ಒಣಗೋಕೆ ಹಾಕಿದ್ನಲ್ಲ, ಅದ್ರ ಪಕ್ಕದಲ್ಲೇ. ಏನಂತ ಬರ್ದಿದಾರೆ?"

ರಘು ತಟ್ಟೆಯಿಂದ ತಲೆಯೆತ್ತದೆ ಅನ್ನ ಕಲಸುತ್ತಿದ್ದ. ಅವನ ಭುಜ ಕುಣಿಯುತ್ತಿತ್ತು.

"ತುಂಬ ಚೆನ್ನಾಗಿ ಒಣಗ್ತಿದೆ ಅಂತ ಮೆಚ್ಕೊಂಡು ಬರ್ದಿದಾರೆ ಅತ್ತೆ" ಎಂದೆ.

"ಹೌದಾ? ಎಷ್ಟು ಒಳ್ಳೆ ಜನ ನೋಡು! ಹಾಗಾದ್ರೆ ನಾಳೆ ಸಂಡಿಗೇನೂ ಹಾಕ್ಬಿಡ್ತೀನಿ."